ಇದ್ದೀನಿ ಸ್ವಾಮಿ, ಇನ್ನೂ ಇದ್ದೀನಿ!

ನವೆಂಬರ್ ಬಂತೆಂದರೆ ಕನ್ನಡನಾಡಿನಲ್ಲಿ ಎರಡು ಬಗೆಯ ಘೋಷಣೆಗಳು ಶುರುವಾಗುತ್ತವೆ. ಕನ್ನಡ ಬದುಕಿದೆ ಎಂದು ಸಾರುವವರದು ಒಂದು ಗುಂಪು. ನಾನು ಬದುಕಿದ್ದೇನೆ ಎಂದು ಸಾರುವವರದು ಇನ್ನೊಂದು. ಮೊದಲ ಗುಂಪಿಗೆ ಬಾವುಟ, ಪೆಂಡಾಲು, ಆರ್ಕೆಸ್ಟ್ರಾ, ಉಪ್ಪಿಟ್ಟು-ಕೇಸರಿಬಾತು ಎಲ್ಲ ಉಂಟು. ಎರಡನೆಯ ಗುಂಪಿಗೆ ಆಧಾರ್ ಕಾರ್ಡು, ಪೆನ್ಷನ್ ಆದೇಶದ (ಪಿಪಿಒ) ನಂಬರು, ಬ್ಯಾಂಕಿನ ಪಾಸ್‌ಬುಕ್ಕು, ಮತ್ತು ಆಫೀಸಿಗೆ ಹೊರಡುವ ಅವಸರದಲ್ಲಿ ಮುಖ ಸಿಂಡರಿಸಿಕೊಂಡು ನಿಂತ ಮಗ, ಇಷ್ಟೇ. ಕನ್ನಡ ಬದುಕಿದೆಯೋ ಇಲ್ಲವೋ ಎಂದು ತೀರ್ಮಾನಿಸದೆಯೇ ನಾವು ಡಿಸೆಂಬರಿಗೆ ದಾಟಬಹುದು. ವರ್ಷಾವರ್ಷ ದಾಟುತ್ತಲೇ ಇದ್ದೇವೆ. ಪೆನ್ಷನ್‌ದಾರ ಹಾಗೆ ದಾಟುವಂತಿಲ್ಲ. 30ನೇ ತಾರೀಕಿನೊಳಗೆ ಲೈಫ್ ಸರ್ಟಿಫಿಕೇಟು ಹೋಗಲಿಲ್ಲವೋ, ಡಿಸೆಂಬರಿನಿಂದ ಪೆನ್ಷನ್ ನಿಂತಿತು.

ಆ ತಿಂಗಳು ನಮ್ಮ ಬಡಾವಣೆಯ ಪಾರ್ಕಿಗೆ ಬೆಳಿಗ್ಗೆ ಆರಕ್ಕೆ ಬಂದು ಕಲ್ಲುಬೆಂಚಿನ ಹಿಂದೆ ನಿಂತು ಕೇಳಿಸಿಕೊಳ್ಳಿ. ಮಂಡಿನೋವು, ಸಕ್ಕರೆ ಕಾಯಿಲೆ, ಸೊಸೆ, ರಾಜಕೀಯ ಎಲ್ಲ ಬದಿಗೆ ಸರಿದಿರುತ್ತದೆ.

“ನಿಮ್ದಾಯ್ತಾ?”

“ನಂದು ಮೊನ್ನೇನೇ ಆಯ್ತು. ನಮ್ಮ ಮನೆಯವಳದ್ದೇ ಆಗ್ತಿಲ್ಲ. ಬೆರಳು ತಗೋತಿಲ್ಲ.”

“ಕಣ್ಣು ಕೊಟ್ಟು ನೋಡಿ.”

“ಕಣ್ಣು ಪೊರೆ ಆಪರೇಷನ್ ಆಗಿದೆ. ಮುಖ ಕೊಡೋಣ ಅಂತಿದೀವಿ.”

ಗೊತ್ತಿಲ್ಲದವರು ಕೇಳಿದರೆ ಇದೇನೋ ಅಂಗಾಂಗ ದಾನದ ಶಿಬಿರ ಅಂದುಕೊಳ್ಳಬೇಕು. ವಿಷಯ ಇಷ್ಟೇ: ಬೆರಳಚ್ಚು, ಕಣ್ಣಿನ ಪಾಪೆ, ಮುಖ, ಈ ಮೂರರಲ್ಲಿ ಯಾವುದನ್ನಾದರೂ ಯಂತ್ರ ಒಪ್ಪಿಕೊಂಡರೆ ನೀವು ಇನ್ನೊಂದು ವರ್ಷ ಬದುಕಿದ್ದೀರಿ.

ಮೊದಲು ಹೀಗಿರಲಿಲ್ಲ. ಮೊದಲು ಅಂದರೆ ನಮ್ಮ ತಂದೆಯವರ ಕಾಲ. ಉಪಖಜಾನೆಗೋ ಬ್ಯಾಂಕಿಗೋ ಖುದ್ದಾಗಿ ಹೋಗಿ ಗುಮಾಸ್ತನ ಮುಂದೆ ನಿಂತರೆ ಸಾಕು. ಅವನು ಕನ್ನಡಕದ ಮೇಲಿಂದ ನೋಡಿ, “ಏನ್ ರಾಯ್ರೆ, ಗಟ್ಟಿಯಾಗಿದೀರಲ್ಲ!” ಅನ್ನುತ್ತಿದ್ದ. ಆ ದನಿಯಲ್ಲಿ ಸಂತೋಷವಿತ್ತೋ ಬೇಸರವಿತ್ತೋ, ಒಟ್ಟಿನಲ್ಲಿ ಸಹಿ ಬೀಳುತ್ತಿತ್ತು. ಹೋಗಲಾಗದವರು ಗೆಜೆಟೆಡ್ ಅಧಿಕಾರಿಯೊಬ್ಬರ ಸಹಿ, ಮೊಹರು ಹಾಕಿಸಿ ಕಳಿಸಬೇಕು. ಹಳ್ಳಿಯಲ್ಲಿ ಗೆಜೆಟೆಡ್ ಅಧಿಕಾರಿ ಎಲ್ಲಿ ಸಿಗಬೇಕು? ಕೈಗೆ ಸಿಗುತ್ತಿದ್ದವರು ದನದ ಡಾಕ್ಟರು. ಎಮ್ಮೆಗೆ ಚುಚ್ಚುಮದ್ದು ಕೊಟ್ಟ ಕೈಯಲ್ಲೇ ನಿವೃತ್ತ ಶ್ಯಾನುಭೋಗರು ಜೀವಂತ ಇದ್ದಾರೆಂದು ಬರೆದು ಸಹಿ ಹಾಕಿಕೊಡುತ್ತಿದ್ದರು. ನಾಲಿಗೆ ಹೊರಗೆಳೆದು ನೋಡಿ ಬರೆಯುತ್ತಿದ್ದರು ಎಂಬುದು ಮಾತ್ರ ಊರಿನ ಪಡ್ಡೆ ಹುಡುಗರು ಕಟ್ಟಿದ ಕತೆ.

ಬ್ಯಾಂಕಿನ ಆ ಸಾಲಿಗೆ ಇನ್ನೊಂದು ಉಪಯೋಗವಿತ್ತು. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಅನ್ನುವುದು ಅಲ್ಲೇ ತಿಳಿಯುತ್ತಿತ್ತು. “ಪಿಡಬ್ಲ್ಯುಡಿಯವರು ಕಾಣಲಿಲ್ಲ?” ಎಂದು ಒಬ್ಬರು ಕೇಳುತ್ತಿದ್ದರು. ಇನ್ನೊಬ್ಬರು ಮಾತಾಡದೆ ಮೇಲಕ್ಕೆ ಕೈ ತೋರಿಸುತ್ತಿದ್ದರು. ಅವರು ಮೊದಲ ಮಹಡಿಯಲ್ಲಿರುವ ಲಾಕರ್ ವಿಭಾಗಕ್ಕೆ ಹೋಗಿದ್ದಾರೆ ಎಂದು ತಿಳಿದು ಅರ್ಧ ಗಂಟೆ ಕಾದವರೂ ಉಂಟು.

ಸರ್ಕಾರಕ್ಕೆ ಈ ಸಹಿ-ಮೊಹರಿನ ವ್ಯವಹಾರದಲ್ಲಿ ನಂಬಿಕೆ ಕಡಿಮೆಯಾಯಿತು. 2014ರ ನವೆಂಬರ್ 10ರಂದು ಪ್ರಧಾನಿ ಮೋದಿಯವರು ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆಗೆ ಚಾಲನೆ ಕೊಟ್ಟರು. ಆಧಾರಿನಲ್ಲಿ ಕೊಟ್ಟ ಬೆರಳಿಗೂ ಈಗ ಒತ್ತಿದ ಬೆರಳಿಗೂ ತಾಳೆಯಾದರೆ ಪ್ರಮಾಣ್ ಐಡಿ ಎಂಬ ಸಂಖ್ಯೆಯೊಂದು ಮೊಬೈಲಿಗೆ ಬರುತ್ತದೆ. ಬಂದರೆ ಬದುಕಿದಂತೆ.

ನಮ್ಮ ಪಾರ್ಕಿನ ನಿವೃತ್ತ ಹೆಡ್‌ಮೇಷ್ಟ್ರ ವಿಚಾರ ಇಲ್ಲಿ ಹೇಳಲೇಬೇಕು. ಮೂವತ್ತೈದು ವರ್ಷ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳಿದವರು. ಓದದ ಹುಡುಗರಿಗೆಲ್ಲ ಅವರದು ಒಂದೇ ಆಶೀರ್ವಾದ: “ಹೋಗೋ, ಮುಂದೆ ಹೆಬ್ಬೆಟ್ಟು ಒತ್ತೋಕೇ ಲಾಯಕ್ಕು ನೀನು!” ಆ ಶಾಪ ತಗಲಿದ ಒಬ್ಬ ಹುಡುಗ ಈಗ ಸೇವಾ ಕೇಂದ್ರವೊಂದರಲ್ಲಿ ಬೆರಳಚ್ಚಿನ ಯಂತ್ರ ಇಟ್ಟುಕೊಂಡು ಕೂತಿದ್ದಾನೆ. ಮೇಷ್ಟ್ರು ಅಲ್ಲಿಗೆ ಹೋದರೆ ಅವನು ಎದ್ದು ನಿಂತು ನಮಸ್ಕಾರ ಮಾಡುತ್ತಾನೆ, ಕುರ್ಚಿ ಒರೆಸುತ್ತಾನೆ, ಬಹಳ ವಿನಯದಿಂದ, “ಸಾರ್, ಹೆಬ್ಬೆಟ್ಟು ಒತ್ತಿ ಸಾರ್” ಅನ್ನುತ್ತಾನೆ. ಒತ್ತುತ್ತಾರೆ. ಯಂತ್ರ ಕೆಂಪು ದೀಪ ತೋರಿಸುತ್ತದೆ. “ಇನ್ನೂ ಸ್ವಲ್ಪ ಗಟ್ಟಿಯಾಗಿ ಒತ್ತಿ ಸಾರ್.” ಮತ್ತೆ ಕೆಂಪು. “ಒರೆಸ್ಕೊಂಡು ಒತ್ತಿ ಸಾರ್.” ಮತ್ತೆ ಕೆಂಪು. ಇಷ್ಟು ವರ್ಷ ಸೀಮೆಸುಣ್ಣ ಹಿಡಿದು ಬೆರಳಿನ ಗೆರೆಗಳೇ ಸವೆದುಹೋಗಿವೆ ಅನ್ನುವುದು ಮೇಷ್ಟ್ರ ವಾದ. ಅವರ ಹೆಂಡತಿಯ ವಾದ ಬೇರೆ: “ಸೀಮೆಸುಣ್ಣಕ್ಕೆ ಸವೆದಿದ್ರೆ ಪಾತ್ರೆ ತಿಕ್ಕಿದ ನನ್ನ ಕೈಲಿ ಬೆರಳೇ ಇರಬಾರದಿತ್ತು.” ನಿಜಕ್ಕೂ ಆ ತಾಯಿಯ ಬೆರಳನ್ನು ಯಂತ್ರ ಮೇಷ್ಟ್ರ ಬೆರಳಿಗಿಂತ ಮೊದಲೇ ತಿರಸ್ಕರಿಸಿತ್ತು. ಗಾರೆ ಕೆಲಸದವರು, ಬೀಡಿ ಕಟ್ಟಿದವರು, ಹೊಲದಲ್ಲಿ ಕಳೆ ಕಿತ್ತವರು, ಎಲ್ಲರದೂ ಇದೇ ಪಾಡು. ಜೀವಮಾನವೆಲ್ಲ ದುಡಿದವರ ಬೆರಳೇ ಅದಕ್ಕೆ ಓದಲು ಬರುವುದಿಲ್ಲ. ಏನೂ ಮಾಡದೆ ಕೂತು ತಿಂದವರ ಬೆರಳು ಒಂದೇ ಏಟಿಗೆ ಹಸಿರು.

ಬೆರಳಿಗೂ ಪೆನ್ಷನ್ನಿಗೂ ಇರುವ ನಂಟು ಮಾತ್ರ ಇಂದು ನಿನ್ನೆಯದಲ್ಲ. ಬಂಗಾಳದ ಹೂಗ್ಲಿಯಲ್ಲಿ ವಿಲಿಯಂ ಜೇಮ್ಸ್ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ಇದ್ದ. ಯುರೇನಸ್ ಗ್ರಹ ಕಂಡುಹಿಡಿದ ಹರ್ಷೆಲನ ಮೊಮ್ಮಗ. ಅಜ್ಜ ಆಕಾಶ ನೋಡಿದ, ಮೊಮ್ಮಗ ಹೆಬ್ಬೆಟ್ಟು ನೋಡಿದ. ಪೆನ್ಷನ್‌ದಾರ ಸತ್ತ ಮೇಲೂ ಅವನ ಕಡೆಯವರು ಬಂದು, ನಾನೇ ಅವನು ಎಂದು ಹೇಳಿ ದುಡ್ಡು ಎಣಿಸಿಕೊಂಡು ಹೋಗುತ್ತಿದ್ದರು. ಬಿಳಿಯನ ಕಣ್ಣಿಗೆ ಬಿಳಿಗಡ್ಡದ ಮುದುಕರೆಲ್ಲ ಒಂದೇ ಥರ ಕಂಡಿರಲಿಕ್ಕೂ ಸಾಕು. ಅದಕ್ಕೆ 1877ರಲ್ಲಿ ಅವನು ಪೆನ್ಷನ್‌ದಾರರ ಬೆರಳಚ್ಚು ತೆಗೆದಿಡುವ ಪದ್ಧತಿ ಶುರುಮಾಡಿದ. ಇಪ್ಪತ್ತು ವರ್ಷದ ನಂತರ, 1897ರಲ್ಲಿ, ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ತೆರೆಯಿತು. ಕಳ್ಳರನ್ನು ಹಿಡಿಯುವ ಆ ದೊಡ್ಡ ವಿದ್ಯೆ ಪೊಲೀಸರ ಕೈಸೇರುವ ಎಷ್ಟೋ ಮೊದಲೇ ಮುದುಕರ ಮೇಲೆ ಪ್ರಯೋಗವಾಗಿತ್ತು ಎಂದಾಯಿತು. ಮೇಷ್ಟ್ರಿಗೆ ಇದನ್ನು ಹೇಳಿದೆ. “ಹಾಗಾದ್ರೆ ಹೆಬ್ಬೆಟ್ಟು ಒತ್ತೋದು ಅವಮಾನ ಅಲ್ಲ, ಪರಂಪರೆ” ಎಂದು ಸಮಾಧಾನಪಟ್ಟರು.

ಬೆರಳಿನ ಗೋಳು ಸರ್ಕಾರದ ಕಿವಿಗೂ ಬಿದ್ದಿರಬೇಕು. 2021ರ ನವೆಂಬರಿನಲ್ಲಿ ಮುಖ ನೋಡಿ ಗುರುತಿಸುವ ವಿಧಾನ ಬಂತು. ಮನೆಯಲ್ಲೇ ಕೂತು ಸಾಮಾನ್ಯ ಸ್ಮಾರ್ಟ್‌ಫೋನಿನಲ್ಲೇ ಮಾಡಿಕೊಳ್ಳಬಹುದು. ಇದನ್ನು ಹಬ್ಬಿಸಲು ಕೇಂದ್ರ ಸರ್ಕಾರ ಅಭಿಯಾನವನ್ನೇ ಹೂಡಿತು: 2022ರಲ್ಲಿ 37 ನಗರಗಳು, 2023ರಲ್ಲಿ 100, 2024ರಲ್ಲಿ 800. ಹೇಳುವಾಗ ಬಹಳ ಸುಲಭ. ಮಾಡುವಾಗ ಹೇಗಿರುತ್ತದೆ ಎಂದರೆ, ಮೊದಲು ಎರಡು ಆ್ಯಪ್ ಹಾಕಿಕೊಳ್ಳಬೇಕು. ಆಮೇಲೆ ಮೊಬೈಲ್ ಹಿಡಿದುಕೊಂಡವನು ‘ಆಪರೇಟರ್’ ಎಂದು ತನ್ನ ಮುಖ ತೋರಿಸಬೇಕು. ತಾತ ಬದುಕಿದ್ದಾನೋ ಇಲ್ಲವೋ ಎಂದು ಹೇಳುವ ಮೊದಲು ಮೊಮ್ಮಗ ಇದ್ದಾನೆಂದು ಗೊತ್ತಾಗಬೇಕಲ್ಲ! ಅದಾದ ಮೇಲೆ ತಾತನ ಸರದಿ. ಪರದೆಯ ಮೇಲೆ ದುಂಡಗಿನ ಗೆರೆ ಕಾಣುತ್ತದೆ. ಅದರೊಳಗೆ ಮುಖ ಕೂರಿಸಿ ಕಣ್ಣು ಮಿಟುಕಿಸಬೇಕು. ಫೋಟೋ ಮುಂದೆ ಹಿಡಿದು ಮೋಸ ಮಾಡಬಾರದು ನೋಡಿ, ಅದಕ್ಕೆ ರೆಪ್ಪೆ ಬಡಿಯಲೇಬೇಕು.

ನಮ್ಮ ಪಕ್ಕದ ಮನೆ ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತದೆ. ಯಜಮಾನರು ಅಂಚೆ ಇಲಾಖೆಯಲ್ಲಿದ್ದರು. ಕಳೆದ ನವೆಂಬರಿನ ಒಂದು ಭಾನುವಾರ ಮೊಮ್ಮಗ ಅವರನ್ನು ಬೆಳಕಿಗೆಂದು ತುಳಸಿಕಟ್ಟೆಯ ಪಕ್ಕ ಕೂರಿಸಿ ಈ ಶಾಸ್ತ್ರ ಮಾಡಿಸುತ್ತಿದ್ದ.

“ಅಜ್ಜೀ, ಕಣ್ಣು ಮಿಟುಕಿಸು.”

“ಯಾರಿಗೋ?”

“ಮೊಬೈಲಿಗೆ.”

“ಥೂ, ಈ ವಯಸ್ನಲ್ಲಿ!”

ನಗು ಬಂದು ಮುಖ ದುಂಡು ಗೆರೆಯಾಚೆ ಹೋಯಿತು. ಮತ್ತೆ ಮೊದಲಿನಿಂದ. ಎರಡನೇ ಸಲ ಅಜ್ಜಿ ಕಣ್ಣು ಮುಚ್ಚಿ ತೆರೆಯಲೇ ಇಲ್ಲ. ಜಪಕ್ಕೆ ಕೂತ ಅಭ್ಯಾಸಬಲ. ಮೂರನೇ ಸಲಕ್ಕೆ ಹಸಿರು ಬಂತು ಅನ್ನುವಷ್ಟರಲ್ಲಿ ಪ್ರಶ್ನೆಗಳು ಬಂದವು. ಅಲ್ಲಿ ಎರಡು ಪ್ರಶ್ನೆ ಉಂಟು. ಮತ್ತೆ ಕೆಲಸಕ್ಕೆ ಸೇರಿದ್ದೀರಾ? ಮತ್ತೆ ಮದುವೆಯಾಗಿದ್ದೀರಾ?

ಮೊಮ್ಮಗನಿಗೆ ಕುಚೋದ್ಯ. “ಅಜ್ಜೀ, ಮರುಮದುವೆ ಆಗಿದೀಯಾ ಅಂತ ಕೇಳ್ತಿದೆ. ಏನ್ ಹಾಕ್ಲಿ?”

ಅಜ್ಜಿಗೆ ಎಂಬತ್ತೆರಡು. ಸ್ವಲ್ಪ ಹೊತ್ತು ಗಂಭೀರವಾಗಿ ಯೋಚಿಸಿದರು. “ಗಂಡು ಸರ್ಕಾರವೇ ನೋಡಿಕೊಡ್ತದಂತೋ?”

ಕೆಲಸದ ಪ್ರಶ್ನೆಗೂ ಇಲ್ಲ ಎಂದೇ ಮೊಮ್ಮಗ ಒತ್ತಿದ. ಬೆಳಿಗ್ಗೆ ಐದಕ್ಕೆ ಎದ್ದು ಇಡೀ ಮನೆಯ ಡಬ್ಬಿಗೆ ಚಪಾತಿ ಲಟ್ಟಿಸುವ ಹೆಂಗಸು ಅದನ್ನು ನೋಡಿಕೊಂಡು ಸುಮ್ಮನಿದ್ದರು.

ಇಷ್ಟೆಲ್ಲ ಕಟ್ಟುನಿಟ್ಟು ಏಕೆ ಎಂದು ಕೇಳಿದರೆ, ಸತ್ತವರ ಕಾಟ. ಸತ್ತವರು ಪೆನ್ಷನ್ ತಗೊಳ್ಳುವುದರಲ್ಲಿ ಬಹಳ ಚುರುಕು. 2010ರಲ್ಲಿ ಜಪಾನಿನಲ್ಲಿ ನಡೆದದ್ದು ಕೇಳಿ. ಟೋಕಿಯೋದ ಅತಿ ಹಿರಿಯ ಗಂಡಸು ಎಂದು ದಾಖಲೆಯಲ್ಲಿದ್ದವರು ಸೋಗೆನ್ ಕಾಟೋ. ನೂರಾಹನ್ನೊಂದನೇ ವರ್ಷಕ್ಕೆ ಅಭಿನಂದಿಸಬೇಕೆಂದು ಅಧಿಕಾರಿಗಳು ಮನೆಗೆ ಹೋಗಿ ಕೇಳಿದರೆ ಮನೆಯವರು ಒಳಗೆ ಬಿಡಲು ಒಲ್ಲರು. ಕೊನೆಗೆ ಪೊಲೀಸರು ಬಾಗಿಲು ತೆಗೆಸಿ ನೋಡಿದರೆ ಕಾಟೋ ಅವರು ಮಂಚದ ಮೇಲೆಯೇ ಇದ್ದರು. ತೀರಿಕೊಂಡು ಮೂವತ್ತು ವರ್ಷ ದಾಟಿತ್ತು! ಆದರೂ ಪೆನ್ಷನ್ ಮಾತ್ರ ಮನೆಗೆ ಬರುತ್ತಿತ್ತು. ಆಮೇಲೆ ಜಪಾನ್ ಸರ್ಕಾರ ಗಾಬರಿಯಾಗಿ ಕುಟುಂಬದ ದಾಖಲೆಗಳನ್ನೆಲ್ಲ ಜಾಲಾಡಿತು. ನೂರು ದಾಟಿದವರ ಪೈಕಿ 2.30 ಲಕ್ಷಕ್ಕೂ ಹೆಚ್ಚು ಜನ ಎಲ್ಲಿದ್ದಾರೆಂದೇ ತಿಳಿಯಲಿಲ್ಲ. ಅವರೆಲ್ಲರಿಗೂ ಪೆನ್ಷನ್ ಹೋಗುತ್ತಿತ್ತು ಎಂದಲ್ಲ. ಪುಸ್ತಕದಲ್ಲಿ ಮಾತ್ರ ಆಯಸ್ಸು ಬೆಳೆಯುತ್ತಿತ್ತು. ದೀರ್ಘಾಯುಷಿಗಳ ದೇಶ ಎಂದು ನಾವೆಲ್ಲ ಹೊಗಳುವ ನಾಡಿನ ಕತೆ ಇದು. ಮೇಷ್ಟ್ರು ಕೇಳಿ, “ಮೀನು ತಿಂದು ಆಯಸ್ಸು ಹೆಚ್ಚುತ್ತೆ ಅಂತ ಡಾಕ್ಟ್ರು ಹೇಳಿದ್ದು ಸುಳ್ಳಾ ಹಾಗಾದ್ರೆ?” ಅಂದರು. ಅವರು ಅಪ್ಪಟ ಸಸ್ಯಾಹಾರಿ, ಆ ಖುಷಿ ಅವರಿಗೆ.

ಅಮೆರಿಕದ ಗಲಾಟೆ ಇನ್ನೂ ಹೊಸದು. 2025ರ ಆರಂಭದಲ್ಲಿ ಎಲಾನ್ ಮಸ್ಕ್ ಅವರು ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಪಟ್ಟಿಯಲ್ಲಿ ನೂರೈವತ್ತು ವರ್ಷದವರೆಲ್ಲ ಇದ್ದಾರೆ ಎಂದು ಡಂಗುರ ಸಾರಿದರು. ಪಟ್ಟಿಯಲ್ಲಿ ಇದ್ದದ್ದು ಹೌದು. 1920ಕ್ಕೆ ಮುಂಚೆ ಹುಟ್ಟಿ, ಸತ್ತ ದಿನ ದಾಖಲಾಗದ ಹೆಸರುಗಳು ಕೋಟಿ ದಾಟಿ ಇವೆಯೆಂದು ಅಲ್ಲಿನ ತಪಾಸಣಾಧಿಕಾರಿಗಳೇ 2023ರಲ್ಲಿ ಬರೆದಿದ್ದರು. ಅದೇ ವರದಿಯಲ್ಲಿ, ಅವರಲ್ಲಿ ಹೆಚ್ಚುಕಡಿಮೆ ಯಾರಿಗೂ ದುಡ್ಡು ಹೋಗುತ್ತಿಲ್ಲ ಎಂದೂ ಬರೆದಿದ್ದರು. ಆ ಎರಡನೇ ವಾಕ್ಯಕ್ಕೆ ಡಂಗುರ ಹೊಡೆಯುವವರು ಯಾರೂ ಸಿಗಲಿಲ್ಲ. ಮಾರ್ಚಿನಲ್ಲಿ ಹೊಸ ನಿಯಮ ಬಂತು: ಫೋನಿನಲ್ಲಿ ಗುರುತು ಹೇಳಿದರೆ ಒಪ್ಪುವುದಿಲ್ಲ, ಆನ್‌ಲೈನಿನಲ್ಲಿ ಆಗದಿದ್ದರೆ ಕಚೇರಿಗೇ ಬನ್ನಿ. ಅಲ್ಲಿನ ಹಳ್ಳಿಗಾಡಿನ ಮುದುಕರು ಮೈಲುಗಟ್ಟಲೆ ಕಾರು ಓಡಿಸಿಕೊಂಡು ಬರಬೇಕಾಯಿತಲ್ಲ ಎಂದು ಕೂಗೆದ್ದಿತು. ತಾರೀಕು ಮುಂದೆ ಹೋಯಿತು, ವಿನಾಯಿತಿ ಬಂತು, ಏಪ್ರಿಲಿನಲ್ಲಿ ಫೋನಿನ ಅರ್ಜಿಗೆ ಮತ್ತೆ ಹೂಂ ಅಂದರು. ಒಂದೇ ತಿಂಗಳಲ್ಲಿ ಮೂರು ಸುತ್ತೋಲೆ! ಈ ವೇಗ ನೋಡಿ ನಮ್ಮ ಕಚೇರಿಗಳಲ್ಲಿ ಟಿಪ್ಪಣಿ ಬರೆದು ನಿವೃತ್ತರಾದವರಿಗೆ ಅಮೆರಿಕದ ಮೇಲಿದ್ದ ಗೌರವ ಹೆಚ್ಚಾಯಿತೋ ಕಡಿಮೆಯಾಯಿತೋ ಗೊತ್ತಿಲ್ಲ, ಅದು ಪರದೇಶ ಅನ್ನಿಸುವುದಂತೂ ತಪ್ಪಿತು.

ಅಲ್ಲಿಗೆ ಬಾಣಂತನಕ್ಕೆಂದು ಹೋಗಿ ಸಿಕ್ಕಿಹಾಕಿಕೊಂಡ ನಮ್ಮ ಪೆನ್ಷನ್‌ದಾರರಿಗೆ ಮೊದಲು ಕಾನ್ಸುಲೇಟಿಗೋ ನೋಟರಿಗೋ ಓಡುವ ಕೆಲಸವಿತ್ತು. ಈಗ ಮುಖ ತೋರಿಸುವ ಆ್ಯಪ್ ಅಲ್ಲಿಂದಲೂ ನಡೆಯುತ್ತದೆ. ನ್ಯೂಜೆರ್ಸಿಯ ಚಳಿಯಲ್ಲಿ ಮಂಕಿಕ್ಯಾಪು ತೆಗೆಯಲೊಪ್ಪದ ನಮ್ಮ ಪರಿಚಯದ ರಾಯರೊಬ್ಬರನ್ನು ಮಾತ್ರ ಅದು ಗುರುತಿಸಲು ನಿರಾಕರಿಸಿತು. ಅವರ ಹೆಂಡತಿ ಪ್ರಕಾರ ಯಂತ್ರದ್ದು ತಪ್ಪಿಲ್ಲ.

ಇನ್ನು ಉಲ್ಟಾ ಸಮಾಚಾರ. ಇದು ಉತ್ತರ ಪ್ರದೇಶದ್ದು. ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಎಂಬ ನೇಕಾರ ಸಾಲ ಕೇಳಲು ಹೋದಾಗ, ನೀನು ಸತ್ತುಹೋಗಿದ್ದೀಯ ಅಂದರು. ಜಮೀನಿನ ಆಸೆಗೆ ಚಿಕ್ಕಪ್ಪ ಲಂಚ ಕೊಟ್ಟು ದಾಖಲೆಯಲ್ಲಿ ಸಾಯಿಸಿದ್ದ. ಲಾಲ್ ಬಿಹಾರಿ ಸುಮ್ಮನೆ ಕೂರಲಿಲ್ಲ. ಹೆಸರಿನ ಮುಂದೆ ‘ಮೃತಕ್’ ಎಂದು ಸೇರಿಸಿಕೊಂಡ. ತನ್ನ ಹೆಂಡತಿಗೆ ವಿಧವೆಯ ಪರಿಹಾರ ಕೊಡಿ ಎಂದು ಅರ್ಜಿ ಹಾಕಿದ. ತನ್ನದೇ ಶವಯಾತ್ರೆ ಮಾಡಿಸಿಕೊಂಡ. ರಾಜೀವ್ ಗಾಂಧಿಯವರ ಎದುರು ಅಮೇಠಿಯಲ್ಲಿ ಚುನಾವಣೆಗೂ ನಿಂತ, ಸತ್ತವನು ಹೇಗೆ ಸ್ಪರ್ಧಿಸುತ್ತಾನೆ ಎಂದು ಯಾರಾದರೂ ತಕರಾರು ತೆಗೆಯಲಿ ಎಂದು. 1994ರಲ್ಲಿ, ಹದಿನೆಂಟು-ಹತ್ತೊಂಬತ್ತು ವರ್ಷದ ಜಗ್ಗಾಟದ ನಂತರ, ಸರ್ಕಾರ ಅವನನ್ನು ಬದುಕಿಸಿತು. ಅವನಂಥವರದ್ದೇ ‘ಮೃತಕ ಸಂಘ’ ಕಟ್ಟಿದ್ದಕ್ಕೆ 2003ರಲ್ಲಿ ಇಗ್ ನೊಬೆಲ್ ಎಂಬ ಕುಚೋದ್ಯದ ಪ್ರಶಸ್ತಿ, ಅದರಲ್ಲೂ ಶಾಂತಿಗೆ ಕೊಡುವುದು, ಅವನಿಗೆ ಸಿಕ್ಕಿತು. ಹಿಂದಿಯಲ್ಲಿ ಸಿನಿಮಾ ಕೂಡ ಬಂತು. ಒಂದು ಸಹಿಯಿಂದ ಸತ್ತವನು ಬದುಕಿ ಬರಲು ಇಷ್ಟು ಮಾಡಬೇಕಾಯಿತು. ಅವನ ಹೆಬ್ಬೆಟ್ಟು ಅಷ್ಟೂ ವರ್ಷ ಅವನ ಕೈಯಲ್ಲೇ ಇತ್ತು, ನೆನಪಿರಲಿ.

ಹೀಗೆಲ್ಲ ಮಾತು ಬೆಳೆದಾಗ ಪಾರ್ಕಿನಲ್ಲಿ ಒಂದು ದಿನ ಹೊಸ ತರ್ಕ ಹುಟ್ಟಿತು. ನಮ್ಮ ಏಳು ಜನ ಚಿರಂಜೀವಿಗಳಿದ್ದಾರಲ್ಲ, ಅವರಿಗೆಲ್ಲ ಪೆನ್ಷನ್ ಇದ್ದಿದ್ದರೆ ನವೆಂಬರಿನಲ್ಲಿ ಏನು ಗತಿ? ಅಶ್ವತ್ಥಾಮನಿಗೆ ಮುಖದ ಪರೀಕ್ಷೆ ಆಗದು. ಹಣೆಯ ಮಣಿ ಕಿತ್ತ ಮೇಲೆ ಹಳೇ ಫೋಟೋಗೆ ಹೋಲಿಕೆಯಾಗುವುದಿಲ್ಲ. ಹನುಮಂತನಿಗೆ, ‘ಮುಖ ಪತ್ತೆಯಾಗಲಿಲ್ಲ’ ಎಂದು ಯಂತ್ರ ಹೇಳಿಬಿಟ್ಟರೆ ಆಮೇಲೆ ಸರ್ವರ್‌ಗೆ ಬೆಂಕಿ ಬಿದ್ದೀತು. ಕೃಪಾಚಾರ್ಯರದು ಮೊದಲನೇ ಪ್ರಶ್ನೆಯಲ್ಲೇ ಸಿಕ್ಕಿಬೀಳುವ ಕೇಸು: ಕೌರವರ ಸರ್ವೀಸ್ ಮುಗಿದ ಮೇಲೆ ಪರೀಕ್ಷಿತನಿಗೆ ಪಾಠ ಹೇಳಲು ಸೇರಿಕೊಂಡರು, ಪುನರ್ನೇಮಕ ಘೋಷಿಸಬೇಕು. ಮಾರ್ಕಂಡೇಯ ಏಳರ ಪಟ್ಟಿಗೆ ಸೇರದಿದ್ದರೂ ಅವನನ್ನೂ ಯಾರೋ ಎಳೆದು ತಂದರು. ಅವನಿಗೆ ಸದಾ ಹದಿನಾರು, ಅರವತ್ತೇ ತುಂಬುವುದಿಲ್ಲ, ನಿವೃತ್ತಿಯೇ ಇಲ್ಲ. ಇವರೆಲ್ಲರಲ್ಲಿ ನಿಯಮ ಚಾಚೂತಪ್ಪದೆ ಪಾಲಿಸುವವನು ಬಲಿ ಚಕ್ರವರ್ತಿಯೊಬ್ಬನೇ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಪಾತಾಳದಲ್ಲಿ ನೆಟ್‌ವರ್ಕ್ ಇಲ್ಲ. ಅದಕ್ಕೇ ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಖುದ್ದಾಗಿ ಮೇಲೆ ಬಂದು ಮುಖ ತೋರಿಸಿ ಹೋಗುತ್ತಾನೆ. ನಾವು ಬಲಿಪಾಡ್ಯಮಿ ಎಂದು ಕರೆಯುವುದು ಅದನ್ನೇ.

ನಗು ಸರಿ. ಆದರೆ ನನಗೊಂದು ತಕರಾರಿದೆ, ಅದನ್ನು ಹೇಳಿಬಿಡುತ್ತೇನೆ. ಸುಳ್ಳು ಪೆನ್ಷನ್ ತಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಅದು ನಮ್ಮದೇ ದುಡ್ಡು. ಆದರೆ ಸಾವು ಅನ್ನುವುದು ಸರ್ಕಾರಕ್ಕೆ ತಿಳಿಯದೆ ನಡೆಯುವ ಗುಟ್ಟಿನ ವ್ಯವಹಾರವೇ? ಸತ್ತ 21 ದಿನದೊಳಗೆ ನೋಂದಾಯಿಸಿ ಎಂದು ಕಾನೂನು ಮಾಡಿದ್ದು ಸರ್ಕಾರ. ಕರ್ನಾಟಕದಲ್ಲಿ ಅದಕ್ಕೆ ‘ಇ-ಜನ್ಮ’ ಎಂಬ ಕಂಪ್ಯೂಟರ್ ವ್ಯವಸ್ಥೆ ಇದೆ. 2023ರ ತಿದ್ದುಪಡಿಯ ಪ್ರಕಾರ ಹುಟ್ಟು-ಸಾವಿನ ರಾಷ್ಟ್ರೀಯ ದತ್ತಾಂಶವೂ ಬರಬೇಕು. ಮರಣ ಪತ್ರ ಕೊಟ್ಟ ಕೈಯೇ ಪಕ್ಕದ ಮೇಜಿನವನಿಗೆ, ‘ಇಂಥವರು ಹೋದರು ಕಣಯ್ಯಾ, ಪೆನ್ಷನ್ ನಿಲ್ಲಿಸು’ ಅಂದರೆ ಮುಗಿಯಿತಲ್ಲ? ಬ್ರಿಟನ್ನಿನಲ್ಲಿ ಸಾವು ನೋಂದಾಯಿಸುವಾಗ ಒಂದೇ ಸಲ ಹೇಳಿದರೆ ಪೆನ್ಷನ್ನಿನವರಿಗೂ ಪಾಸ್‌ಪೋರ್ಟಿನವರಿಗೂ ತಿಳಿಸುವ ಸೇವೆ ಇದೆ. ನಮ್ಮಲ್ಲಿ ಸತ್ತ ಒಬ್ಬರ ಸುದ್ದಿ ಮೇಜಿನಿಂದ ಮೇಜಿಗೆ ಹೋಗದು ಎಂದು, ಬದುಕಿರುವ ಅಷ್ಟೂ ಜನ ಸಾಲಿನಲ್ಲಿ ನಿಂತು ‘ಪ್ರೆಸೆಂಟ್ ಸಾರ್’ ಅನ್ನಬೇಕು. ಗೈರುಹಾಜರಾದವನನ್ನು ಹುಡುಕಲಾರದ ಮೇಷ್ಟ್ರು ಹಾಜರಿದ್ದವರನ್ನೇ ದಿನಕ್ಕೆ ಹತ್ತು ಸಲ ಎದ್ದು ನಿಲ್ಲಿಸಿದಂತೆ. ಈ ಮಾತಿಗೆ ನಮ್ಮ ಮೇಷ್ಟ್ರು ಸ್ವಲ್ಪ ಕೆಮ್ಮಿದರು.

ಈ ಕಟ್ಟುನಿಟ್ಟಿನ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ ಅನ್ನುವುದು ಇನ್ನೊಂದು. ನಿವೃತ್ತ ಅಧಿಕಾರಿಗೆ ಮಗ ಇದ್ದಾನೆ, ಸ್ಮಾರ್ಟ್‌ಫೋನ್ ಇದೆ, ಕಾರಿದೆ. ಕಾರ್ಖಾನೆಯಲ್ಲಿ ದುಡಿದು ಪಿಎಫ್ ಪೆನ್ಷನ್ ತಗೊಳ್ಳುವವನಿಗೆ 2014ರಿಂದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಅವನೂ ವರ್ಷಕ್ಕೊಮ್ಮೆ ಬದುಕಿದ್ದೇನೆ ಅನ್ನಬೇಕು. ಮನೆ ಬಾಗಿಲಿಗೇ ಬಂದು ಬೆರಳು ತಗೊಳ್ಳುವ ಸೇವೆಯನ್ನು ಅಂಚೆ ಪೇಮೆಂಟ್ಸ್ ಬ್ಯಾಂಕ್ 2020ರಲ್ಲಿ 70 ರೂಪಾಯಿ ಶುಲ್ಕ ಇಟ್ಟು ಶುರುಮಾಡಿತು. ಒಳ್ಳೆಯ ಸೇವೆ, ಹಾಸಿಗೆ ಹಿಡಿದವರಿಗೆ ಪೋಸ್ಟ್‌ಮ್ಯಾನ್ ದೇವರಿದ್ದಂತೆ. ಆದರೆ ಆಗ ಸಾವಿರ ರೂಪಾಯಿಯವನಿಗೆ ಬದುಕಿದ್ದೇನೆ ಎಂದು ಹೇಳಲಿಕ್ಕೇ ಎಪ್ಪತ್ತು ಖರ್ಚಾಗುತ್ತಿತ್ತು. ಸಂಧ್ಯಾ ಸುರಕ್ಷೆಯ 1,200 ರೂಪಾಯಿಗೆ ಕಾಯುವ ಹಳ್ಳಿಯ ಮುದುಕಿ, ಆಧಾರಿನಲ್ಲೊಂದು ಹೆಸರು, ಪಾಸ್‌ಬುಕ್ಕಿನಲ್ಲೊಂದು ಹೆಸರು ಎಂದು ನಾಡಕಚೇರಿಗೂ ಬ್ಯಾಂಕಿಗೂ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಆ ತಿಂಗಳದ್ದು ಟಿಕೇಟಿಗೆ ಸರಿಹೋಗುತ್ತದೆ. ಈಗ ಬಸ್ಸು ಹೆಂಗಸರಿಗೆ ಉಚಿತ ತಾನೇ ಅಂತೀರಿ. ಸರಿ, ಹಾಗಾದರೆ ಆ ಮುದುಕಿಯ ಗಂಡನ ಲೆಕ್ಕ ಹಾಕಿ.

ಪೆನ್ಷನ್ ಎಂಬುದು ಸರ್ಕಾರ ಕೊಡುವ ದಾನವಲ್ಲ, ನೌಕರ ದುಡಿದು ಗಳಿಸಿದ ಹಕ್ಕು ಎಂದು ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಹೇಳಿತು. ಆ ದಿನವನ್ನು ಪೆನ್ಷನ್‌ದಾರರ ದಿನವೆಂದು ಆಚರಿಸುತ್ತೇವೆ. ತಾರೀಕಿನ ಆಯ್ಕೆ ಚೆನ್ನಾಗಿಯೇ ಬಂದಿದೆ: ನವೆಂಬರಿನಲ್ಲಿ ಪಾಸಾದವರು ಮಾತ್ರ ಡಿಸೆಂಬರಿನ ಸಮಾರಂಭಕ್ಕೆ.

ಈ ಆಧಾರಿನ ಕತೆಯಲ್ಲಿ ಬೆಂಗಳೂರಿನ ಒಂದು ವಿಶೇಷ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಾಗದು. ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷರಾಗಿ 2009ರಲ್ಲಿ ಬಂದವರು ಬೆಂಗಳೂರಿನ ನಂದನ್ ನಿಲೇಕಣಿ. ಅದೇ ಆಧಾರನ್ನು 2012ರಲ್ಲಿ ಸುಪ್ರೀಂ ಕೋರ್ಟಿಗೆ ಎಳೆದವರೂ ಬೆಂಗಳೂರಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತಾರರ ಆಜುಬಾಜು. ಅವರ ಅರ್ಜಿಯ ದೆಸೆಯಿಂದಲೇ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. 2018ರ ತೀರ್ಪಿನಲ್ಲಿ ಆಧಾರ್ ಉಳಿಯಿತು, ಅದರ ಕೊಂಬನ್ನು ಅಲ್ಲಲ್ಲಿ ಕತ್ತರಿಸಿದರು. 2021ರಲ್ಲಿ ಜೀವನ್ ಪ್ರಮಾಣಕ್ಕೆ ಆಧಾರ್ ಕಡ್ಡಾಯವಲ್ಲ, ಇಷ್ಟವಿದ್ದವರು ಬಳಸಬಹುದು ಎಂಬ ನಿಯಮವೂ ಬಂತು. ಕಾಗದದ ಸರ್ಟಿಫಿಕೇಟಿನ ದಾರಿ ಇನ್ನೂ ತೆರೆದಿದೆ. ನಿವೃತ್ತಿಯಾದ ಮೇಲೆ ಏನು ಮಾಡುವುದು ಎಂದು ಪಾರ್ಕಿನಲ್ಲಿ ಆಕಳಿಸುವವರಿಗೆ ನಾನು ಪುಟ್ಟಸ್ವಾಮಿಯವರ ಹೆಸರು ಹೇಳುವುದುಂಟು. ಅವರು 2024ರಲ್ಲಿ, ತೊಂಬತ್ತೆಂಟು ತುಂಬಿದ ಮೇಲೆ, ತೀರಿಕೊಂಡರು.

ತೊಂಬತ್ತೆಂಟು ಎಂದದ್ದೇ ತಡ, ನಮ್ಮ ರೈಲ್ವೆ ರಾಯರಿಗೆ ಜೀವ ಬಂತು. ಅವರು ಕೇಂದ್ರದ ಪೆನ್ಷನ್‌ದಾರರು, ಬರುವ ವರ್ಷ ಎಂಬತ್ತು. ಎಂಬತ್ತಾದವರಿಗೆ ಸರ್ಕಾರ ಎರಡು ಉಪಕಾರ ಮಾಡಿದೆ. ಒಂದು, ಅವರು ಅಕ್ಟೋಬರ್ 1ರಿಂದಲೇ ಸರ್ಟಿಫಿಕೇಟು ಕೊಡಬಹುದು, ಎಪ್ಪತ್ತರ ಹುಡುಗರ ಜೊತೆ ನೂಕುನುಗ್ಗಲು ಮಾಡಬೇಕಿಲ್ಲ. ಎರಡು, ಮೂಲ ಪೆನ್ಷನ್ ಮೇಲೆ ಶೇ. 20 ಹೆಚ್ಚು. ಎಂಬತ್ತೈದಕ್ಕೆ ಶೇ. 30, ತೊಂಬತ್ತಕ್ಕೆ 40, ತೊಂಬತ್ತೈದಕ್ಕೆ 50. ನೂರು ಮುಟ್ಟಿದರೆ ಒಂದೇ ಸಲಕ್ಕೆ 100. ತೊಂಬತ್ತೈದರಿಂದ ನೂರಕ್ಕೆ ಹಾರುವಾಗ ಸರ್ಕಾರ ಇಷ್ಟು ಧಾರಾಳಿ ಹೇಗಾಯಿತು ಎಂದು ರಾಯರಿಗೆ ಮೊದಲು ಅನುಮಾನವಿತ್ತು. ಲೆಕ್ಕ ಹಾಕಿ ನೋಡಿದ ಮೇಲೆ, ಅಲ್ಲಿವರೆಗೆ ಯಾರೂ ಬರಲಾರರು ಅನ್ನುವ ಧೈರ್ಯದಿಂದ ಎಂದು ಅರ್ಥವಾಯಿತು. ಅರ್ಥವಾದದ್ದೇ ಹಟ ಹುಟ್ಟಿತು. ಬೆಳಿಗ್ಗೆ ಇನ್ನೆರಡು ಸುತ್ತು ಹೆಚ್ಚು ನಡೆಯುತ್ತಾರೆ, ಬೋಂಡಾ ಬಿಟ್ಟಿದ್ದಾರೆ, ಕ್ಯಾಲ್ಕುಲೇಟರು ಜೇಬಿನಲ್ಲೇ ಇರುತ್ತದೆ. ಮೊನ್ನೆ ಮನೆಯಲ್ಲಿ ಕಾಫಿ ಕುಡಿಯುತ್ತ ಈ ಇಪ್ಪತ್ತು ವರ್ಷದ ಯೋಜನೆಯನ್ನು ನಮಗೆಲ್ಲ ವಿವರಿಸುತ್ತಿದ್ದರು. ಲೋಟ ತೆಗೆದುಕೊಂಡು ಹೋಗಲು ಬಂದ ಅವರ ಹೆಂಡತಿ ಬಾಗಿಲಲ್ಲೇ ನಿಂತರು.

“ನೂರಕ್ಕೆ ಡಬಲ್ ಪೆನ್ಷನ್ನಂತೆ, ಆಗ್ಲಿ ರೀ. ಅಲ್ಲೀವರೆಗೂ ವರ್ಷಾವರ್ಷ ನಿಮ್ಮ ಮುಖಕ್ಕೆ ಮೊಬೈಲ್ ಹಿಡ್ಕೊಂಡು, ಕಣ್ಣು ಮಿಟುಕ್ಸಿ ಕಣ್ಣು ಮಿಟುಕ್ಸಿ ಅನ್ನೋಕೆ ನಾನೂ ಇರ್ಬೇಕಲ್ಲ, ನಂಗೆಷ್ಟು ಪರ್ಸೆಂಟು?”